ಹಳೇ ಯುನಿಕ್ಸ್ ಮಷೀನಿಗೆ ಟರ್ಮಿನಲ್ಲು, ಡಿಸ್ಕು, ಪ್ರಿಂಟರು ಜೋಡಿಸುವ ಬಗೆ

ಹೊರಗಿನ ಪೆಟ್ಟಿಗೆಯಲ್ಲಿದ್ದ ಡಿಸ್ಕು ಚೆನ್ನಾಗಿಯೇ ಸುತ್ತುತ್ತಿತ್ತು. ಸನ್ ಕಂಪನಿಯ ಯುನಿಕ್ಸ್ ಆದ ಸೊಲಾರಿಸ್ ಅದನ್ನು ಗುರುತಿಸಿತ್ತು. ಫೈಲ್ ಸಿಸ್ಟಂ ಮಾಡಿ ಮೌಂಟ್ ಕೂಡ ಮಾಡಿಯಾಗಿತ್ತು. ಸಣ್ಣ ಫೈಲುಗಳು ಸಲೀಸಾಗಿ ಕಾಪಿ ಆಗುತ್ತಿದ್ದವು. ದೊಡ್ಡ ಡೈರೆಕ್ಟರಿಯೊಂದನ್ನು ಕಾಪಿಗೆ ಹಾಕಿದರೆ ಮಾತ್ರ ಅರ್ಧಕ್ಕೆ ನಿಂತು, ಕನ್ಸೋಲಿನಲ್ಲಿ 'ಸ್ಕಸಿ ಟ್ರಾನ್ಸ್‌ಪೋರ್ಟ್ ಫೇಲ್ಡ್: ರೀಸನ್ ರೀಸೆಟ್' ಎಂಬ ಸಾಲು ಒಂದರ ಮೇಲೊಂದು ಬೀಳುತ್ತಿತ್ತು (ಸ್ಕಸಿ ಅಂದರೆ ಡಿಸ್ಕು, ಟೇಪು ಜೋಡಿಸುವ ಹಳೇ ಕೇಬಲ್ ವ್ಯವಸ್ಥೆ). ಎರಡು ದಿನ ತಲೆ ಕೆಡಿಸಿಕೊಂಡೆ. ಡಿಸ್ಕು ಬದಲಿಸಿದೆ, ಪ್ಯಾಚ್ ಹುಡುಕಿದೆ, ಫೈಲ್ ಸಿಸ್ಟಂ ಮತ್ತೆ ಮಾಡಿದೆ. ಕೊನೆಗೆ ಪೆಟ್ಟಿಗೆಯ ಬೆನ್ನು ತಿರುಗಿಸಿ ನೋಡಿದರೆ ಅಲ್ಲಿ ಟರ್ಮಿನೇಟರೇ (ಕೇಬಲ್ ಸಾಲಿನ ತುದಿಗೆ ಹಾಕುವ ಪ್ಲಗ್ಗು) ಇಲ್ಲ. ಅದು ಮೇಜಿನ ಡ್ರಾಯರಿನಲ್ಲಿ ಆರಾಮಾಗಿ ಮಲಗಿತ್ತು.

ಅಂದಿನಿಂದ ನಾನು ಒಂದೇ ಕ್ರಮ ಹಿಡಿದಿದ್ದೇನೆ. ಮೊದಲು ವೈರು. ಆಮೇಲೆ ಮಷೀನಿನ ಪ್ರಾಮ್, ಅಂದರೆ ಆನ್ ಮಾಡಿದ ಕೂಡಲೇ ಓಡುವ, ಚಿಪ್ಪಿನೊಳಗಿನ ಪ್ರೋಗ್ರಾಂ. ಆಮೇಲೆ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು. ಆಮೇಲೆ ಡಿವೈಸ್ ಫೈಲ್, ಅಂದರೆ ಸಾಧನವನ್ನು ಕರೆಯಲು ಯುನಿಕ್ಸ್ ಇಡುವ ಫೈಲು. ಎಲ್ಲಕ್ಕಿಂತ ಕೊನೆಗೆ ಅದನ್ನು ಬಳಸುವ ಪ್ರೋಗ್ರಾಂ. ಕೆಳಗಿನ ಮೆಟ್ಟಿಲು ಸರಿಯಿದೆ ಅಂತ ಕಣ್ಣಾರೆ ನೋಡದೆ ಮೇಲಿನದಕ್ಕೆ ಕಾಲಿಡುವುದಿಲ್ಲ. ಈಗಿನ ಕಂಪ್ಯೂಟರಿಗೆ ಏನಾದರೂ ಚುಚ್ಚಿದರೆ ಅದೇ ಎಲ್ಲ ನೋಡಿಕೊಳ್ಳುತ್ತದೆ. ಹಳೇ ಯುನಿಕ್ಸ್ ಹಾಗಲ್ಲ. ಆದರೆ ಪ್ರತಿ ಮೆಟ್ಟಿಲಲ್ಲೂ ಅದನ್ನು ಕೇಳಿ ನೋಡಬಹುದು, ಅದು ನೇರವಾಗಿ ಉತ್ತರ ಕೊಡುತ್ತದೆ.

ಇಲ್ಲಿ ಬರುವ ಉದಾಹರಣೆಗಳೆಲ್ಲ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್‌ಗಳದ್ದು, ಅಂದರೆ 1989ರಿಂದ ಈಚೆಗೆ ಬಂದ ಮಷೀನುಗಳದ್ದು. ಸಿಸ್ಟಂ ಸನ್‌ಓಎಸ್ 4 ಇರಬಹುದು, ಸೊಲಾರಿಸ್ 2 ಇರಬಹುದು. ಬೇರೆ ಮಷೀನಾದರೆ ಕಮಾಂಡಿನ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಎಚ್‌ಪಿ-ಯುಎಕ್ಸ್‌ನಲ್ಲಿ ಸಾಧನಗಳ ಪಟ್ಟಿಗೆ 'ಐಒಸ್ಕ್ಯಾನ್', ಐರಿಕ್ಸ್‌ನಲ್ಲಿ 'ಹಿನ್ವ್'. ಎಐಎಕ್ಸ್‌ನಲ್ಲಿ ಹೊಸದನ್ನು ಹುಡುಕಲು 'ಸಿಎಫ್‌ಜಿಎಂಜಿಆರ್', ಪಟ್ಟಿಗೆ 'ಎಲ್‌ಎಸ್‌ಡೆವ್'. ಇನ್ನೊಂದು ಮಾತು. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಶುರು ಮಾಡುವ ಮುನ್ನ

'ಯುನೇಮ್ -ಎ' ಕೊಟ್ಟು ಸಿಸ್ಟಂ ಯಾವುದು ಅಂತ ನೋಡಿಕೊಳ್ಳಿ. 5ರಿಂದ ಶುರುವಾಗುವ ಸಂಖ್ಯೆ ಬಂದರೆ ಸೊಲಾರಿಸ್, 4ರಿಂದ ಶುರುವಾದರೆ ಹಳೇ ಬಿಎಸ್‌ಡಿ ಯುನಿಕ್ಸ್ ಮನೆತನದ ಸನ್‌ಓಎಸ್. ಇವೆರಡರಲ್ಲಿ ಡಿಸ್ಕಿನ ಹೆಸರು, ಪ್ರಿಂಟರ್ ಕಮಾಂಡು, ಸೀರಿಯಲ್ ಪೋರ್ಟಿನ ಹೆಸರು ಎಲ್ಲ ಬೇರೆ. ಒಂದರ ಸಲಹೆ ಓದಿ ಇನ್ನೊಂದಕ್ಕೆ ಹಾಕಿದರೆ ಇಡೀ ಸಂಜೆ ದಂಡ. ಆಮೇಲೆ 'ಡಿಮೆಸ್ಜಿ' ಕೊಟ್ಟು, ಬಂದದ್ದನ್ನು ಒಂದು ಫೈಲಿಗೆ ಉಳಿಸಿಡಿ. ಹೊಸ ಸಾಧನ ಹಾಕಿದ ಮೇಲೆ ಇನ್ನೊಮ್ಮೆ ತೆಗೆದು 'ಡಿಫ್' ಹಾಕಿದರೆ ಕರ್ನಲ್ ಹೊಸದಾಗಿ ಏನು ಕಂಡಿತು ಅಂತ ತಕ್ಷಣ ಗೊತ್ತಾಗುತ್ತದೆ.

ಎನ್‌ವಿರ‍್ಯಾಮ್ ಚಿಪ್ಪಿನ ಕಡೆಗೂ ಒಂದು ಕಣ್ಣಿರಲಿ. ಇದರ ಹೊಟ್ಟೆಯೊಳಗೇ ಲಿಥಿಯಂ ಬ್ಯಾಟರಿ ಇದೆ. ಅದು ಸತ್ತರೆ ಗಡಿಯಾರದ ಜೊತೆಗೆ ಈಥರ್ನೆಟ್ ವಿಳಾಸವೂ ಹೋಗುತ್ತದೆ, ಪ್ರತಿ ಸಲ ಆನ್ ಮಾಡಿದಾಗ 'ಐಡಿಪ್ರಾಮ್' (ಮಷೀನಿನ ಗುರುತಿನ ವಿವರ) ಸರಿಯಿಲ್ಲ ಎಂಬ ಸಂದೇಶ ಬರುತ್ತದೆ. ಸಾಧನದ ಸೆಟ್ಟಿಂಗ್‌ಗಳೂ ಅಲ್ಲೇ ಇರುವುದರಿಂದ, ನೀವು ಇವತ್ತು ಬದಲಿಸಿದ್ದು ನಾಳೆ ಬೆಳಿಗ್ಗೆಗೆ ಮಾಯವಾಗಬಹುದು. ಮೊದಲು ಚಿಪ್ಪು ಬದಲಿಸಿ. ಹಲವರು ಅದರ ತಲೆ ಕೊರೆದು ಹೊರಗಿನ ಗುಂಡಿ ಬ್ಯಾಟರಿ ಬೆಸೆಯುತ್ತಾರೆ. ಕೈ ಗಟ್ಟಿಯಿದ್ದರೆ ಅದೂ ಆಗುತ್ತದೆ.

ಮೊದಲ ಹೆಜ್ಜೆ: ಸೀರಿಯಲ್ ಕನ್ಸೋಲ್

ಬೇರೆ ಏನೇ ಜೋಡಿಸುವ ಮುನ್ನ ಮಷೀನಿನ ಜೊತೆ ಮಾತಾಡಲು ಒಂದು ದಾರಿ ಬೇಕು, ಅಲ್ವಾ? ಹಳೇ ಮಾನಿಟರ್ ಹುಡುಕಿಕೊಂಡು ಹೋಗಬೇಡಿ. ಕೀಬೋರ್ಡ್ ಕಿತ್ತಿಟ್ಟು ಆನ್ ಮಾಡಿದರೆ ಸ್ಪಾರ್ಕ್‌ಸ್ಟೇಷನ್ ತಾನಾಗಿಯೇ ಮೊದಲ ಸೀರಿಯಲ್ ಪೋರ್ಟಿಗೆ, ಅಂದರೆ 'ಟಿಟಿವೈಎ'ಗೆ, ಕನ್ಸೋಲನ್ನು ತಿರುಗಿಸುತ್ತದೆ. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಿ, ಯಾವುದಾದರೂ ಟರ್ಮಿನಲ್ ಪ್ರೋಗ್ರಾಂ ತೆರೆದರೆ ಸಾಕು.

ತಕರಾರು ಇರುವುದು ವೈರಿನಲ್ಲಿ. ಸನ್ ಮಷೀನಿನ ಪೋರ್ಟು ಸಾಮಾನ್ಯವಾಗಿ 25 ಪಿನ್ನಿನದು. ಅದರಲ್ಲಿ 2ನೇ ಪಿನ್ ಕಳಿಸುವುದು, 3ನೇ ಪಿನ್ ಪಡೆಯುವುದು, 7 ಗ್ರೌಂಡ್. ಲ್ಯಾಪ್‌ಟಾಪಿನ ಅಡಾಪ್ಟರು 9 ಪಿನ್ನಿನದು. ಅದರಲ್ಲಿ 2 ಪಡೆಯುವುದು, 3 ಕಳಿಸುವುದು, 5 ಗ್ರೌಂಡ್. ಕಳಿಸುವ ತಂತಿ ಆ ಕಡೆ ಪಡೆಯುವ ಪಿನ್ನಿಗೆ ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ಹಾಗಂತ ಇಲ್ಲಿ 2ನ್ನೂ 3ನ್ನೂ ಅದಲುಬದಲು ಮಾಡಿದಿರೋ, ಕೆಟ್ಟಿತು. ನಂಬರುಗಳೇ ಈಗಾಗಲೇ ಅದಲುಬದಲಾಗಿವೆ! 25 ಪಿನ್ನಿನ 2ನ್ನು 9 ಪಿನ್ನಿನ 2ಕ್ಕೆ, 3ನ್ನು 3ಕ್ಕೆ, 7ನ್ನು 5ಕ್ಕೆ ನೇರವಾಗಿ ಹಾಕಿ. ಎರಡೂ ಕಡೆ 25 ಪಿನ್ ಇದ್ದರೆ ಮಾತ್ರ 2-3 ದಾಟಿಸಬೇಕು.

ಗುರುತಿಲ್ಲದ ಕೇಬಲ್ ಕೈಗೆ ಸಿಕ್ಕರೆ ಮಲ್ಟಿಮೀಟರ್ ತೆಗೆಯಿರಿ. ಸುಮ್ಮನಿರುವಾಗ ಕಳಿಸುವ ಪಿನ್ನಿನಲ್ಲಿ ಋಣ ವೋಲ್ಟೇಜು ಇರುತ್ತದೆ. ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಪಿನ್ನಿಗೆ ಇಟ್ಟಾಗ ಮೈನಸ್ 5ರಿಂದ ಮೈನಸ್ 12ರ ನಡುವೆ ತೋರಿಸಿದರೆ ಅದು ಕಳಿಸುವ ಪಿನ್. ಸೊನ್ನೆಯ ಆಸುಪಾಸು ಇದ್ದರೆ ಪಡೆಯುವುದು. ಎರಡು ಕಳಿಸುವ ಪಿನ್ನುಗಳು ಎದುರುಬದುರಾಗಿ ಕೂತಿದ್ದರೆ ಮಾತೂ ಇಲ್ಲ ಕತೆಯೂ ಇಲ್ಲ.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಮಾತ್ರ ಹಾಕಿ. ಇನ್ನೊಂದು ತುದಿಯಲ್ಲಿ 2 ಮತ್ತು 3ನ್ನು ಪೇಪರ್ ಕ್ಲಿಪ್ಪಿನಿಂದ ಕೂಡಿಸಿ, ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆಯಲ್ಲಿ ಮೂಡಿದರೆ ಅಡಾಪ್ಟರೂ ಕೇಬಲ್ಲೂ ಸರಿಯಿವೆ. ಕ್ಲಿಪ್ ತೆಗೆದ ಮೇಲೂ ಮೂಡುತ್ತಿದ್ದರೆ ನಿಮ್ಮ ಪ್ರೋಗ್ರಾಂ ತಾನೇ ತೋರಿಸಿಕೊಳ್ಳುತ್ತಿದೆ ಅಂತ ಅರ್ಥ, ಆ ಲೋಕಲ್ ಎಕೋ ಆಫ್ ಮಾಡಿ.

ಈಗ ಲಕ್ಷಣ ನೋಡಿ ರೋಗ ಹೇಳಬಹುದು. ಕಸದಂಥ ಅಕ್ಷರ ಬಂದರೆ ವೇಗ ಹೊಂದಿಲ್ಲ. ಮಷೀನಿನ ಮಾತು ಕಾಣುತ್ತದೆ, ನಿಮ್ಮದು ಅದಕ್ಕೆ ಮುಟ್ಟುತ್ತಿಲ್ಲ ಅಂದರೆ ಮೊದಲು ಟರ್ಮಿನಲ್ ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ, ಏಕೆಂದರೆ ಮೂರು ತಂತಿಯ ಕೇಬಲ್ಲಿನಲ್ಲಿ ಆ ಸಿಗ್ನಲ್ಲೇ ಇಲ್ಲ. ಪರದೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿದರೆ ಗಾಬರಿ ಬೇಡ, ಕಂಟ್ರೋಲ್-ಎಸ್ ತಾಗಿರಬಹುದು. ಕಂಟ್ರೋಲ್-ಕ್ಯೂ ಒತ್ತಿ. ಏನೂ ಬರುತ್ತಿಲ್ಲ, ಆದರೆ ಕೇಬಲ್ ಸರಿಯಿದೆ ಅಂದರೆ ಮಷೀನಿನ ಬೆನ್ನು ನೋಡಿ. ಕೆಲವು ಮಾಡೆಲ್ಲುಗಳಲ್ಲಿ ಒಂದೇ 25 ಪಿನ್ ಕನೆಕ್ಟರಿನಲ್ಲಿ ಎ ಮತ್ತು ಬಿ ಎರಡೂ ಪೋರ್ಟುಗಳನ್ನು ತುರುಕಿದ್ದಾರೆ, ಬಿ ಬೇಕಾದರೆ ಕವಲೊಡೆದ ಕೇಬಲ್ ಬೇಕು. ಐಪಿಸಿ, ಐಪಿಎಕ್ಸ್ ಮಾಡೆಲ್ಲಿನಲ್ಲಿ ಇರುವುದು 8 ಪಿನ್ನಿನ ದುಂಡನೆಯ ಕನೆಕ್ಟರು.

ಕನ್ಸೋಲಿಗಲ್ಲದೆ ಮಾಮೂಲಿ ಸಾಧನಕ್ಕೆ ಪೋರ್ಟ್ ಬಳಸುವಾಗ 'ಕ್ಯಾರಿಯರ್' ಸಿಗ್ನಲ್ ಕಾಟ ಕೊಡುತ್ತದೆ. ಆ ಕಡೆ ಯಾರೋ ಇದ್ದಾರೆ ಅಂತ 8ನೇ ಪಿನ್ ಹೇಳುವವರೆಗೆ ಯುನಿಕ್ಸ್ ಪೋರ್ಟನ್ನು ತೆರೆಯದೆ ಕಾಯುತ್ತದೆ. ಪ್ರೋಗ್ರಾಂ ಸತ್ತಿಲ್ಲ, ಕಾಯುತ್ತಿದೆ, ಅಷ್ಟೇ. ಮೂರು ತಂತಿಯ ಕೇಬಲ್ಲಾದರೆ ಸನ್ ಕಡೆಯ ಕನೆಕ್ಟರಿನೊಳಗೆ 20ನ್ನು 6 ಮತ್ತು 8ಕ್ಕೆ, 4ನ್ನು 5ಕ್ಕೆ ಬೆಸೆದುಬಿಡಿ. ಇಲ್ಲವೇ ಪ್ರಾಮ್ ಸೆಟ್ಟಿಂಗ್ ಬದಲಿಸುವ 'ಈಪ್ರಾಮ್' ಕಮಾಂಡಿನಲ್ಲಿ 'ಟಿಟಿವೈಎ-ಇಗ್ನೋರ್-ಸಿಡಿ' ಅನ್ನುವುದನ್ನು 'ಟ್ರೂ' ಮಾಡಿ. ಸೊಲಾರಿಸ್‌ನಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರಿರುವುದೂ ಇದಕ್ಕೇ. '/ಡೆವ್/ಟರ್ಮ್/ಎ' ಕ್ಯಾರಿಯರಿಗಾಗಿ ಕಾಯುತ್ತದೆ, '/ಡೆವ್/ಸಿಯುಎ/ಎ' ಕಾಯುವುದಿಲ್ಲ. ನೀವಾಗಿ ಹೊರಗೆ ಮಾತಾಡುವುದಾದರೆ ಎರಡನೆಯದು.

ಇಲ್ಲೊಂದು ಎಚ್ಚರಿಕೆ, ಅನುಭವದಿಂದ ಬಂದದ್ದು. ಒಮ್ಮೆ ಕೆಲಸ ಮುಗಿಯಿತು ಅಂತ ಕನ್ಸೋಲ್ ಟರ್ಮಿನಲ್ಲಿನ ಸ್ವಿಚ್ ಆರಿಸಿ ಎದ್ದುಹೋದೆ. ಹತ್ತು ನಿಮಿಷದಲ್ಲಿ ನಾಲ್ಕು ಜನ ಬಂದು ನಿಂತರು, ಸರ್ವರ್ ಸತ್ತಿದೆ ಅಂತ. ಅದು ಸತ್ತಿರಲಿಲ್ಲ. ಟರ್ಮಿನಲ್ ಆರುವಾಗ ಲೈನಿನಲ್ಲಿ ಹೋಗುವ ಏರುಪೇರನ್ನು ಸನ್ ಮಷೀನು 'ಬ್ರೇಕ್' ಅಂತ ತಿಳಿಯುತ್ತದೆ, ಇಡೀ ಸಿಸ್ಟಮ್ಮನ್ನು ಅಲ್ಲೇ ನಿಲ್ಲಿಸಿ 'ಓಕೆ' ಪ್ರಾಂಪ್ಟಿಗೆ, ಅಂದರೆ ಪ್ರಾಮ್ ನಿಮ್ಮ ಕಮಾಂಡಿಗೆ ಕಾಯುವ ಜಾಗಕ್ಕೆ, ಇಳಿಯುತ್ತದೆ. ಸನ್ ಕೀಬೋರ್ಡ್ ಕಿತ್ತರೂ ಇದೇ ಕತೆ. ಪರಿಹಾರ ಎರಡಕ್ಷರ: 'ಗೋ' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಗಾಬರಿಯಲ್ಲಿ ಪವರ್ ಆಫ್ ಮಾಡುವವರೇ ಜಾಸ್ತಿ. ಈಚಿನ ಸೊಲಾರಿಸ್‌ಗಳಲ್ಲಿ ಬ್ರೇಕಿಗೆ ಬದಲು ಎಂಟರ್, ಟಿಲ್ಡೆ, ಕಂಟ್ರೋಲ್-ಬಿ ಎಂಬ ಸರಣಿಯನ್ನು ಇಟ್ಟುಕೊಳ್ಳಬಹುದು. ಅದನ್ನು ಯಾವ ಸ್ವಿಚ್ಚೂ ಅಕಸ್ಮಾತ್ತಾಗಿ ಒತ್ತುವುದಿಲ್ಲ.

ಎರಡನೇ ಹೆಜ್ಜೆ: ಸ್ಕಸಿ ಸರಪಳಿ

ಡಿಸ್ಕು, ಸಿಡಿ, ಟೇಪು, ಸ್ಕ್ಯಾನರು ಎಲ್ಲ ಈ ಒಂದೇ ಸರಪಳಿಯಲ್ಲಿ ನೇತಾಡುತ್ತವೆ. 1986ರಲ್ಲಿ ಪ್ರಮಾಣಿತವಾದ ವ್ಯವಸ್ಥೆ ಇದು. ನಿಯಮ ನಾಲ್ಕೇ, ಆದರೆ ಒಂದು ತಪ್ಪಿದರೂ ಸತಾಯಿಸುತ್ತದೆ.

ಮೊದಲನೆಯದು ಐಡಿ. 8 ಬಿಟ್ಟಿನ ಸ್ಕಸಿಯಲ್ಲಿ 0ರಿಂದ 7ರವರೆಗೆ ಎಂಟು ನಂಬರು. 7 ಮಷೀನಿಗೇ ಮೀಸಲು. ಸನ್ ರೂಢಿಯಂತೆ ಒಳಗಿನ ಮೊದಲ ಡಿಸ್ಕು 3, ಎರಡನೆಯದು 1, ಸಿಡಿ ಡ್ರೈವ್ 6, ಟೇಪು 4 ಅಥವಾ 5. ಹೊಸ ಡಿಸ್ಕಿಗೆ 0 ಅಥವಾ 2 ಕೊಡಿ. ಡ್ರೈವಿನ ಜಂಪರುಗಳು 1, 2, 4ರ ಲೆಕ್ಕದಲ್ಲಿರುತ್ತವೆ. 1 ಮತ್ತು 4ರ ಜಂಪರ್ ಹಾಕಿದರೆ ಐಡಿ 5. ಹೊರಗಿನ ಪೆಟ್ಟಿಗೆಯ ಹಿಂದೆ ನಂಬರ್ ಬದಲಿಸುವ ಗುಂಡಿ ಇದ್ದರೆ ಅದನ್ನು ಪೂರ್ತಿ ನಂಬಬೇಡಿ. ಒಳಗೆ ಅದರ ಪುಟ್ಟ ವೈರು ಡ್ರೈವಿನಿಂದ ಕಳಚಿದ್ದರೆ ಗುಂಡಿ 2 ತೋರಿಸುತ್ತದೆ, ಡ್ರೈವ್ ತಾನು 0 ಅಂದುಕೊಂಡಿರುತ್ತದೆ.

ಎರಡನೆಯದು ಟರ್ಮಿನೇಷನ್. ಸರಪಳಿಯ ಎರಡು ತುದಿಗೂ ಟರ್ಮಿನೇಟರ್ ಬೇಕು. ನಡುವೆ ಇರುವ ಯಾವುದಕ್ಕೂ ಬೇಡ. ಹೊರಗಿನ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಾಗ ಕೊನೆಯ ಪೆಟ್ಟಿಗೆಯ ಖಾಲಿ ಕನೆಕ್ಟರಿಗೆ ಒಂದು ಟರ್ಮಿನೇಟರ್ ಕೂರಬೇಕು. ಅದಿಲ್ಲದಿದ್ದರೆ ಸಿಗ್ನಲ್ಲು ತುದಿಗೆ ಬಡಿದು ವಾಪಸ್ ಬಂದು, ಹಿಂದೆ ಬರುತ್ತಿರುವ ಸಿಗ್ನಲ್ಲನ್ನು ಕಲಕುತ್ತದೆ. ಕೇಬಲ್ ಗಿಡ್ಡವಿದ್ದರೆ, ಕೆಲಸ ಹಗುರವಿದ್ದರೆ ನಡೆದುಹೋಗುತ್ತದೆ. ಜಾಸ್ತಿ ಡೇಟಾ ಹರಿಯತೊಡಗಿದಾಗ ಬಣ್ಣ ಬಯಲು. ನನ್ನ ಎರಡು ದಿನ ತಿಂದದ್ದು ಇದೇ. ಟರ್ಮಿನೇಟರಿನಲ್ಲಿ ಎರಡು ಜಾತಿ: ಪ್ರತಿ ಲೈನಿಗೆ 220 ಮತ್ತು 330 ಓಮ್ ರೆಸಿಸ್ಟರ್ ಇರುವ ಪ್ಯಾಸಿವ್, ಮತ್ತು 110 ಓಮ್‌ನ ಆಕ್ಟಿವ್. ಎರಡೂ ಸಿಕ್ಕರೆ ಕಣ್ಣು ಮುಚ್ಚಿ ಆಕ್ಟಿವ್ ಹಾಕಿ.

ಟರ್ಮಿನೇಟರಿಗೆ ಕರೆಂಟು ಬರುವುದು ಕೇಬಲ್ಲಿನಿಂದಲೇ. ಪವರ್ ಆನ್ ಇರುವಾಗ ಸ್ಕಸಿ ಕೇಬಲ್ ಕೀಳುವ ಅಭ್ಯಾಸ ಇದ್ದವರು ಅದರ ಫ್ಯೂಸು ಸುಟ್ಟಿರುತ್ತಾರೆ. ಟರ್ಮಿನೇಟರ್ ಇದೆ, ಕೆಲಸ ಮಾಡುತ್ತಿಲ್ಲ ಅಂದರೆ 50 ಪಿನ್ನಿನ ಪಟ್ಟಿ ಕೇಬಲ್ಲಿನ 26ನೇ ಪಿನ್ನಿನಲ್ಲಿ 5 ವೋಲ್ಟಿನ ಹತ್ತಿರ ಇದೆಯಾ ಅಂತ ಅಳೆದು ನೋಡಿ.

ಮೂರನೆಯದು ಕೇಬಲ್ಲಿನ ಉದ್ದ. ಹಳೇ ನಿಧಾನದ ಸ್ಕಸಿಗೆ ಒಟ್ಟು 6 ಮೀಟರ್, ಫಾಸ್ಟ್ ಸ್ಕಸಿಗೆ 3 ಮೀಟರ್. ಪೆಟ್ಟಿಗೆಯೊಳಗಿನ ಕೇಬಲ್ಲೂ ಲೆಕ್ಕಕ್ಕೆ ಸೇರುತ್ತದೆ, ಇದನ್ನು ಮರೆಯುವವರು ಬಹಳ.

ನಾಲ್ಕನೆಯದು ಸಿಗ್ನಲ್ಲಿನ ಜಾತಿ. ಡ್ರೈವಿನ ಮೇಲೆ 'ಡಿಫರೆನ್ಷಿಯಲ್' ಅಥವಾ 'ಎಚ್‌ವಿಡಿ' ಅಂತಿದ್ದರೆ ಮಾಮೂಲಿ ಸ್ಪಾರ್ಕ್‌ಸ್ಟೇಷನ್ ಪೋರ್ಟಿಗೆ ಹಾಕಲೇಬೇಡಿ, ಚಿಪ್ಪು ಸುಡಬಹುದು. 'ಎಲ್‌ವಿಡಿ' ಆದರೆ ಪರವಾಗಿಲ್ಲ, ಸಾಮಾನ್ಯವಾಗಿ ಹಳೇ ರೀತಿಗೆ ತಾನೇ ಹೊಂದಿಕೊಳ್ಳುತ್ತದೆ. 68 ಅಥವಾ 80 ಪಿನ್ನಿನ ಡ್ರೈವನ್ನು 50 ಪಿನ್ನಿಗೆ ಇಳಿಸುವ ಅಡಾಪ್ಟರ್ ಕೊಳ್ಳುವಾಗ, ಉಳಿದುಹೋಗುವ ಮೇಲಿನ 8 ಬಿಟ್ಟುಗಳನ್ನು ಅದು ಟರ್ಮಿನೇಟ್ ಮಾಡುತ್ತದೆಯೇ ಅಂತ ನೋಡಿ. 80 ಪಿನ್ನಿನ ಡ್ರೈವಿನಲ್ಲಿ ಸ್ವಂತ ಟರ್ಮಿನೇಟರ್ ಇರುವುದೂ ಇಲ್ಲ.

ಸುತ್ತುವ ಡಿಸ್ಕುಗಳ ಸಹವಾಸವೇ ಬೇಡ ಅಂದರೆ ಬ್ಲೂಸ್ಕಸಿ, ಜುಲುಸ್ಕಸಿ ಮುಂತಾದ ಪುಟ್ಟ ಬೋರ್ಡುಗಳಿವೆ. ಎಸ್‌ಡಿ ಕಾರ್ಡಿನಲ್ಲಿರುವ ಫೈಲನ್ನೇ ಸ್ಕಸಿ ಡಿಸ್ಕಿನಂತೆ ತೋರಿಸುತ್ತವೆ, ಫೈಲಿನ ಹೆಸರಿನಲ್ಲಿರುವ ನಂಬರೇ ಐಡಿ. ನಾನೀಗ ಹೆಚ್ಚಾಗಿ ಬಳಸುವುದು ಇದನ್ನೇ. ಆದರೂ ಐಡಿ, ಟರ್ಮಿನೇಷನ್ನಿನ ನಿಯಮ ಇದಕ್ಕೂ ತಪ್ಪಿದ್ದಲ್ಲ.

ಪ್ರಾಮನ್ನು ಕೇಳುವುದು

ಹೊರಗಿನ ಪೆಟ್ಟಿಗೆಗಳನ್ನು ಮೊದಲು ಆನ್ ಮಾಡಿ, ಆಮೇಲೆ ಮಷೀನು. ಬೂಟ್ ಆಗುವ ಮುನ್ನವೇ ಸ್ಟಾಪ್-ಎ (ಸೀರಿಯಲ್ ಆದರೆ ಬ್ರೇಕ್) ಒತ್ತಿ 'ಓಕೆ' ಪ್ರಾಂಪ್ಟಿಗೆ ಬನ್ನಿ. ಈ ಕ್ರಮದಲ್ಲಿ ಕೊಡಿ:

'ಸೆಟೆನ್ವ್ ಆಟೋ-ಬೂಟ್? ಫಾಲ್ಸ್'
'ರೀಸೆಟ್'
'ಪ್ರೋಬ್-ಸ್ಕಸಿ'

ನಡುವಿನ 'ರೀಸೆಟ್' ಬಿಡಬೇಡಿ. ಓಡುತ್ತಿದ್ದ ಸಿಸ್ಟಮ್ಮನ್ನು ನಿಲ್ಲಿಸಿ ನೇರವಾಗಿ 'ಪ್ರೋಬ್-ಸ್ಕಸಿ' ಕೊಟ್ಟರೆ ಮಷೀನು ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಎಲ್ಲ ಸರಿಯಿದ್ದರೆ 'ಟಾರ್ಗೆಟ್ 3, ಯುನಿಟ್ 0, ಡಿಸ್ಕ್' ಎಂಬಂತೆ ಒಂದೊಂದೇ ಸಾಧನ ತನ್ನ ಕಂಪನಿ ಮತ್ತು ಮಾಡೆಲ್ ಹೆಸರು ಹೇಳಿಕೊಳ್ಳುತ್ತದೆ. ಸೇರಿಸಿದ ಕಾರ್ಡಿನ ಮೇಲಿರುವುದನ್ನು ನೋಡಲು 'ಪ್ರೋಬ್-ಸ್ಕಸಿ-ಆಲ್'.

ಈ ಪಟ್ಟಿಯನ್ನು ನಿಧಾನವಾಗಿ ಓದಿ. ಒಂದೇ ಡಿಸ್ಕು ಎಲ್ಲ ಟಾರ್ಗೆಟ್ಟಿನಲ್ಲೂ ಕಂಡರೆ ಅದರ ಐಡಿ 7ಕ್ಕೆ ಕೂತಿದೆ, ಮಷೀನಿನ ಜೊತೆಗೇ ಜಗಳ. ಎರಡು ಡಿಸ್ಕು ಹಾಕಿ ಒಂದೇ ಕಂಡರೆ, ಅಥವಾ ಮೊದಲಿದ್ದದ್ದೂ ಮಾಯವಾದರೆ, ಇಬ್ಬರಿಗೂ ಒಂದೇ ನಂಬರು. ಮಾಡೆಲ್ ಹೆಸರಿನಲ್ಲಿ ಒಂದೆರಡು ಅಕ್ಷರ ತಪ್ಪಾಗಿ ಕಂಡರೆ ಅದು ತಮಾಷೆಯಲ್ಲ, ಕೇಬಲ್ಲಿನಲ್ಲಿ ಒಂದು ಡೇಟಾ ಲೈನು ಕೆಟ್ಟಿರಬಹುದು. ಏನೂ ಕಾಣದಿದ್ದರೆ ವಾಪಸ್ ವೈರಿಗೆ. ಪ್ರಾಮ್ ಕಾಣದ್ದನ್ನು ಕರ್ನಲ್ ಕಾಣುವುದಿಲ್ಲ, ಇಲ್ಲಿ ನಿಂತು ಡ್ರೈವರ್ ಹುಡುಕುವುದು ವ್ಯರ್ಥ.

ಮುಗಿದ ಮೇಲೆ 'ಆಟೋ-ಬೂಟ್?' ಮತ್ತೆ 'ಟ್ರೂ' ಮಾಡಲು ಮರೆಯಬೇಡಿ.

ಕರ್ನಲ್ ಮತ್ತು ಡಿವೈಸ್ ಫೈಲ್

ಸೊಲಾರಿಸ್‌ನಲ್ಲಿ ಈ ಭಾಗ ಸುಲಭ. 'ಓಕೆ' ಪ್ರಾಂಪ್ಟಿನಲ್ಲಿ 'ಬೂಟ್ -ಆರ್' ಕೊಡಿ. ಇಲ್ಲವೇ ಶಟ್‌ಡೌನ್ ಮಾಡುವ ಮುನ್ನ 'ಟಚ್ /ರೀಕಾನ್ಫಿಗರ್' ಅಂತ ಕೊಟ್ಟಿರಿ. ಮುಂದಿನ ಬೂಟಿನಲ್ಲಿ ಹೊಸ ಸಾಧನಗಳನ್ನು ಹುಡುಕಿ '/ಡೆವ್' ಕೆಳಗೆ ಹೆಸರು ಹಾಕುತ್ತದೆ. ಈಚಿನ ಆವೃತ್ತಿಗಳಲ್ಲಿ ರೀಬೂಟ್ ಇಲ್ಲದೆಯೂ 'ಡೆವ್‌ಎಫ್‌ಎಸ್‌ಎಡಿಎಂ' ಈ ಕೆಲಸ ಮಾಡುತ್ತದೆ. ಹೆಸರು ನೋಡಲು ವಿಚಿತ್ರ, ಆದರೆ ಅರ್ಥವಿದೆ. 'ಸಿ0ಟಿ2ಡಿ0ಎಸ್6' ಅಂದರೆ 0ನೇ ಕಂಟ್ರೋಲರು, ಟಾರ್ಗೆಟ್ 2, ಡಿಸ್ಕು 0, ಸ್ಲೈಸ್ (ಡಿಸ್ಕಿನ ಪಾಲು) 6. ನೀವು ಜಂಪರಿನಲ್ಲಿ ಹಾಕಿದ ನಂಬರು 'ಟಿ' ಪಕ್ಕದಲ್ಲಿ ಕೂತಿರುತ್ತದೆ.

ಸನ್‌ಓಎಸ್ 4ರಲ್ಲಿ ಹೆಸರು 'ಎಸ್‌ಡಿ0', 'ಎಸ್‌ಡಿ1' ಹೀಗೆ. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಮಾಮೂಲಿ 'ಜೆನೆರಿಕ್' ಕರ್ನಲ್ಲಿನಲ್ಲಿ ಟಾರ್ಗೆಟ್ 3ರ ಡಿಸ್ಕು 'ಎಸ್‌ಡಿ0', ಟಾರ್ಗೆಟ್ 0ರದ್ದು 'ಎಸ್‌ಡಿ3'. ಐಡಿ 0 ಕೊಟ್ಟಿದ್ದೇನೆ, ಹಾಗಾದರೆ ಹೊಸ ಡಿಸ್ಕು 'ಎಸ್‌ಡಿ0' ಅಂತ ಲೆಕ್ಕ ಹಾಕಿ ಫಾರ್ಮ್ಯಾಟ್ ಹೊಡೆದರೆ, ಹೋಗುವುದು ನಿಮ್ಮ ಸಿಸ್ಟಂ ಡಿಸ್ಕು. ಡಿವೈಸ್ ಫೈಲ್ ಇಲ್ಲದಿದ್ದರೆ '/ಡೆವ್'ಗೆ ಹೋಗಿ 'ಮೇಕ್‌ಡೆವ್ ಎಸ್‌ಡಿ3' ಕೊಡಿ ('ಮೇಕ್‌ಡೆವ್' ಮಾತ್ರ ದೊಡ್ಡಕ್ಷರದಲ್ಲಿ). ಕರ್ನಲ್ಲಿನ ಕಾನ್ಫಿಗರೇಷನ್ನಿನಲ್ಲೇ ಸಾಧನ ಇಲ್ಲವಾದರೆ ಆ ಫೈಲಿಗೆ ಸಾಲು ಸೇರಿಸಿ ಕರ್ನಲ್ ಹೊಸದಾಗಿ ಕಟ್ಟಬೇಕು. ಹಳೇ ಕರ್ನಲ್ಲಿನ ಕಾಪಿಯನ್ನು ರೂಟಿನಲ್ಲೇ ಬೇರೆ ಹೆಸರಲ್ಲಿ ಇಟ್ಟಿರಿ, ಹೊಸದು ಏಳದಿದ್ದರೆ ಅದರ ಹೆಸರು ಹೇಳಿ ಬೂಟ್ ಮಾಡಬಹುದು.

ಡಿಸ್ಕನ್ನು ಬಳಕೆಗೆ ತರುವುದು

'ಫಾರ್ಮ್ಯಾಟ್' ಓಡಿಸಿ, ಪಟ್ಟಿಯಲ್ಲಿ ಹೊಸ ಡಿಸ್ಕು ಆರಿಸಿ. ಸೊಲಾರಿಸ್ ಆದರೆ 'ಟೈಪ್' ಒಳಗೆ ತಾನೇ ಅಳತೆ ಕೇಳಿಕೊಳ್ಳುವ ಆಯ್ಕೆ ಇದೆ. ಸನ್‌ಓಎಸ್ 4 ಸಿಲಿಂಡರ್, ಹೆಡ್, ಸೆಕ್ಟರ್ ಎಷ್ಟು ಅಂತ ನಿಮ್ಮನ್ನೇ ಕೇಳುತ್ತದೆ. ಡ್ರೈವಿನ ನಿಜವಾದ ಅಳತೆ ಹುಡುಕಿ ಅಲೆಯಬೇಡಿ. ಸ್ಕಸಿ ಡಿಸ್ಕುಗಳು ತಮ್ಮ ಒಳಗಿನ ರಚನೆಯನ್ನು ಹೇಗೂ ಬಚ್ಚಿಟ್ಟಿರುತ್ತವೆ. ಮೂರನ್ನೂ ಗುಣಿಸಿದರೆ ಬರುವ ಮೊತ್ತ ಡಿಸ್ಕಿನ ಒಟ್ಟು ಬ್ಲಾಕುಗಳಿಗಿಂತ ಜಾಸ್ತಿ ಆಗದಿದ್ದರೆ ಸಾಕು. 512 ಬೈಟಿನ 20,00,000 ಬ್ಲಾಕಿನ ಡಿಸ್ಕಾದರೆ, 16 ಹೆಡ್, 64 ಸೆಕ್ಟರ್, 1950 ಸಿಲಿಂಡರ್ ಅಂತ ಕೊಡಿ. 19,96,800 ಆಗುತ್ತದೆ. ಒಂದಿಷ್ಟು ವ್ಯರ್ಥ, ಹೋಗಲಿ ಬಿಡಿ.

ಎರಡು ಗಡಿಗಳು ತಲೆಯಲ್ಲಿರಲಿ. ಸನ್‌ಓಎಸ್ 4ರ ಫೈಲ್ ಸಿಸ್ಟಂ 2 ಜಿಬಿ ದಾಟುವುದಿಲ್ಲ. ಇನ್ನು ತೀರಾ ಹಳೇ ಪ್ರಾಮ್‌ಗಳು ಬೂಟ್ ಮಾಡುವಾಗ ಡಿಸ್ಕಿನ ಮೊದಲ 1 ಜಿಬಿಯಾಚೆ ನೋಡಲಾರವು, ಏಕೆಂದರೆ ಅವು ಬಳಸುವ ಚಿಕ್ಕ ಸ್ಕಸಿ ಕಮಾಂಡಿನಲ್ಲಿ ಬ್ಲಾಕ್ ನಂಬರಿಗೆ 21 ಬಿಟ್ಟು ಮಾತ್ರ ಜಾಗ. ಹಾಗಾಗಿ ರೂಟ್ ಸ್ಲೈಸನ್ನು ಡಿಸ್ಕಿನ ಶುರುವಿನಲ್ಲೇ, ಚಿಕ್ಕದಾಗಿ ಇಡಿ. ಸ್ಲೈಸ್ 2 ಇಡೀ ಡಿಸ್ಕಿನ ಹೆಸರು, ಅದನ್ನು ಮುಟ್ಟಬೇಡಿ.

'ಲೇಬಲ್' ಬರೆದು ಹೊರಬನ್ನಿ. ಆಮೇಲೆ 'ನ್ಯೂಎಫ್ಎಸ್ /ಡೆವ್/ಆರ್‌ಡಿಎಸ್‌ಕೆ/ಸಿ0ಟಿ2ಡಿ0ಎಸ್6'. ಎಂಟರ್ ಒತ್ತುವ ಮುನ್ನ ಆ ಹೆಸರನ್ನು ಬಾಯಿಬಿಟ್ಟು ಓದುವುದು ನನ್ನ ಅಭ್ಯಾಸ. ಪಕ್ಕದಲ್ಲಿದ್ದವರು ನಕ್ಕರೂ ಪರವಾಗಿಲ್ಲ. ಮೌಂಟ್ ಮಾಡಿ, ದೊಡ್ಡದೊಂದು ಡೈರೆಕ್ಟರಿ ಕಾಪಿ ಹಾಕಿ, '/ವಾರ್/ಎಡಿಎಂ/ಮೆಸೇಜಸ್' ಫೈಲನ್ನು 'ಟೇಲ್ -ಎಫ್' ಹಾಕಿ ನೋಡುತ್ತಾ ಕೂತಿರಿ. ರೀಸೆಟ್ ಸಾಲುಗಳು ಬರದಿದ್ದರೆ ಮಾತ್ರ 'ವಿಎಫ್ಎಸ್‌ಟ್ಯಾಬ್'ಗೆ (ಸನ್‌ಓಎಸ್ 4ರಲ್ಲಿ 'ಎಫ್ಎಸ್‌ಟ್ಯಾಬ್'ಗೆ) ಸೇರಿಸಿ. ಟರ್ಮಿನೇಷನ್ ಎಲ್ಲ ಸರಿಯಿದ್ದೂ ಬೇರೆ ಕಂಪನಿಯ ಡಿಸ್ಕು ತಡವರಿಸಿದರೆ, ಸೊಲಾರಿಸ್‌ನ '/ಇಟಿಸಿ/ಸಿಸ್ಟಂ' ಫೈಲಿನಲ್ಲಿ 'ಸ್ಕಸಿ_ಆಪ್ಷನ್ಸ್' ಮೂಲಕ ಟ್ಯಾಗ್ಡ್ ಕ್ಯೂಯಿಂಗ್ (ಡಿಸ್ಕಿಗೆ ಹಲವು ಕೋರಿಕೆಗಳನ್ನು ಒಟ್ಟಿಗೆ ಕೊಡುವುದು) ಆಫ್ ಮಾಡಿ ನೋಡಿ. ಎಷ್ಟೋ ಡ್ರೈವುಗಳ ಫರ್ಮ್‌ವೇರ್ ಅದರಲ್ಲೇ ಎಡವುತ್ತದೆ.

ಸಿಡಿ ಮತ್ತು ಟೇಪು

ಸಿಡಿ ಡ್ರೈವ್ 'ಪ್ರೋಬ್-ಸ್ಕಸಿ'ಯಲ್ಲಿ ಕಾಣುತ್ತದೆ, ಬೂಟ್ ಮಾತ್ರ ಆಗುವುದಿಲ್ಲ, ಡಿಸ್ಕಿನ ಲೇಬಲ್ ಓದಲಾಗುತ್ತಿಲ್ಲ ಅನ್ನುತ್ತದೆ. ಕಾರಣ ಒಂದೇ. ಮಾಮೂಲಿ ಡ್ರೈವುಗಳು 2048 ಬೈಟಿನ ಬ್ಲಾಕ್ ಕೊಡುತ್ತವೆ, ಹಳೇ ಸನ್ ಕೇಳುವುದು 512. ಆ ಕಾಲದ ಕೆಲವು ತೋಷಿಬಾ ಮತ್ತು ಪ್ಲೆಕ್ಸ್‌ಟರ್ ಡ್ರೈವುಗಳನ್ನು 512ಕ್ಕೆ ಬದಲಿಸಬಹುದು, ಅಂಥದ್ದನ್ನೇ ಹುಡುಕಿ.

ಟೇಪಿನಲ್ಲಿ ಹೆಸರಿನ ಕೊನೆಯ ಒಂದು ಅಕ್ಷರ ನೋಡಿಕೊಳ್ಳಿ. '/ಡೆವ್/ಆರ್‌ಎಂಟಿ/0' ಕೆಲಸ ಮುಗಿದ ಕೂಡಲೇ ಟೇಪನ್ನು ಶುರುವಿಗೆ ಸುತ್ತುತ್ತದೆ, '/ಡೆವ್/ಆರ್‌ಎಂಟಿ/0ಎನ್' ಸುತ್ತುವುದಿಲ್ಲ. ಒಂದೇ ಟೇಪಿಗೆ ಎರಡು ಬ್ಯಾಕಪ್ ಹಾಕಲು ಮೊದಲನೆಯ ಹೆಸರು ಬಳಸಿದರೆ ಎರಡನೇ ಬ್ಯಾಕಪ್ಪು ಮೊದಲನೆಯದರ ಮೇಲೆ ಕೂರುತ್ತದೆ. ಯಾವ ದೂರೂ ಇಲ್ಲದೆ! ಸೊಲಾರಿಸ್‌ಗೆ ಪರಿಚಯವಿಲ್ಲದ ಡ್ರೈವಾದರೆ 'ಎಸ್‌ಟಿ.ಕಾನ್ಫ್' ಫೈಲಿನಲ್ಲಿ ಅದರ ವಿವರ ಸೇರಿಸಬೇಕು. ಹಳೇ ಕ್ಯುಐಸಿ (ಕಾಲಿಂಚು ಟೇಪಿನ) ಡ್ರೈವಾದರೆ ಟೇಪು ಹಾಕುವ ಮುನ್ನ ಒಳಗಿನ ರಬ್ಬರ್ ಉರುಳೆಯನ್ನು ಬೆರಳಿಂದ ಮುಟ್ಟಿ ನೋಡಿ. ಬೆಲ್ಲದ ಪಾಕದಂತೆ ಅಂಟಿದರೆ ಟೇಪಿನ ಗತಿ ಮುಗಿದಂತೆ.

ಪ್ರಿಂಟರು

ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸರತಿಯಲ್ಲಿಡುವ ಪ್ರೋಗ್ರಾಂ) ಮುಟ್ಟುವ ಮುನ್ನ ಪೋರ್ಟಿಗೆ ನೇರವಾಗಿ ಬರೆದು ನೋಡಿ. ಇಲ್ಲೂ ಕೆಳಗಿನಿಂದ ಮೇಲಕ್ಕೆ. 'ಕ್ಯಾಟ್ /ಇಟಿಸಿ/ಮೋಟ್ಡ್ > /ಡೆವ್/ಸಿಯುಎ/ಬಿ'. ಸೀರಿಯಲ್ ಪ್ರಿಂಟರಾದರೆ ವೇಗ ಹೊಂದಿಸಬೇಕು, ಅದಕ್ಕೆ 'ಎಸ್‌ಟಿಟಿವೈ'. ಆದರೆ ಒಂದು ಚೇಷ್ಟೆ ಇದೆ. ಪೋರ್ಟನ್ನು ಹಿಡಿದಿದ್ದ ಕೊನೆಯ ಪ್ರೋಗ್ರಾಂ ಬಿಟ್ಟ ತಕ್ಷಣ ಸೆಟ್ಟಿಂಗು ಹಳೇ ಸ್ಥಿತಿಗೆ ಹೋಗುತ್ತದೆ. ನೀವು 'ಎಸ್‌ಟಿಟಿವೈ' ಕೊಟ್ಟು ಮುಗಿಸುವಷ್ಟರಲ್ಲಿ ಅದು ಮರೆತಾಯಿತು. ಹಾಗಾಗಿ 'ಸ್ಲೀಪ್ 10000 < /ಡೆವ್/ಸಿಯುಎ/ಬಿ &' ಅಂತ ಒಂದು ಪ್ರೋಗ್ರಾಂ ಪೋರ್ಟನ್ನು ಹಿಡಿದುಕೊಂಡಿರುವಂತೆ ಮಾಡಿ, ಆಮೇಲೆ ಸೆಟ್ಟಿಂಗ್ ಬದಲಿಸಿ.

ಮೊದಲ ಪುಟ ಬಹುಶಃ ಹೀಗೆ ಬರುತ್ತದೆ:

ಮೊದಲ ಸಾಲು
          ಎರಡನೇ ಸಾಲು
                      ಮೂರನೇ ಸಾಲು

ಆಮೇಲಿನದ್ದೆಲ್ಲ ಬಲ ಅಂಚಿನಾಚೆ. ಯುನಿಕ್ಸ್ ಸಾಲಿನ ಕೊನೆಗೆ ಕೆಳಗಿಳಿ ಎಂಬ ಒಂದೇ ಗುರುತು ಹಾಕುತ್ತದೆ, ಅದರ ನಂಬರು 10. ಪ್ರಿಂಟರು ಎಡಕ್ಕೆ ಹೋಗು ಎಂಬ 13ನ್ನೂ ಕಾಯುತ್ತದೆ. ಸೀರಿಯಲ್ಲಾದರೆ 'ಎಸ್‌ಟಿಟಿವೈ'ಯಲ್ಲಿ 'ಒಪೋಸ್ಟ್ ಓಎನ್‌ಎಲ್‌ಸಿಆರ್' ಕೊಟ್ಟರೆ ಎರಡೂ ಹೋಗುತ್ತವೆ. ಎಚ್‌ಪಿ ಪಿಸಿಎಲ್ ಭಾಷೆಯ ಪ್ರಿಂಟರಾದರೆ ಫೈಲಿಗೆ ಮುಂಚೆ ಎಸ್ಕೇಪ್, ಆ್ಯಂಪರ್‌ಸ್ಯಾಂಡ್, ಸಣ್ಣ ಕೆ, 2, ದೊಡ್ಡ ಜಿ ಈ ಐದು ಅಕ್ಷರ ಕಳಿಸಿ. ಪ್ರಿಂಟರೇ ಹೊಂದಿಕೊಳ್ಳುತ್ತದೆ.

ಕಾಗದದ ಮೇಲೆ ಅಕ್ಷರ ನೆಟ್ಟಗೆ ಬಂದ ಮೇಲೆ ಸ್ಪೂಲರ್. ಸನ್‌ಓಎಸ್ 4ರಲ್ಲಿ '/ಇಟಿಸಿ/ಪ್ರಿಂಟ್‌ಕ್ಯಾಪ್' ಫೈಲಿಗೆ ವಿವರ ಬರೆಯಿರಿ. ಸಾಲು ಮುಂದುವರಿಸಲು ಹಾಕುವ ಹಿಂದಿನ ಓರೆಗೆರೆಯ ನಂತರ ಒಂದೇ ಒಂದು ಖಾಲಿ ಜಾಗ ಉಳಿದರೂ ಮುಂದಿನದ್ದನ್ನು ಅದು ಓದುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. 'ಎಂಎಕ್ಸ್#0' ಸೇರಿಸದಿದ್ದರೆ ದೊಡ್ಡ ಫೈಲುಗಳು ಪೂರ್ತಿ ಬರುವುದಿಲ್ಲ. ಸೊಲಾರಿಸ್‌ನಲ್ಲಿ 'ಎಲ್‌ಪಿಅಡ್ಮಿನ್' ಕೊಟ್ಟು ಪ್ರಿಂಟರ್ ಸೇರಿಸಿದ ಮೇಲೆ ಎರಡು ಬಾಗಿಲು ತೆಗೆಯಬೇಕು: ಸರತಿಗೆ ಸೇರಿಸಿಕೊಳ್ಳಲು 'ಆಕ್ಸೆಪ್ಟ್', ಕಾಗದಕ್ಕೆ ಇಳಿಸಲು 'ಎನೇಬಲ್'. ಕೆಲಸ ಸಾಲಿನಲ್ಲಿ ನಿಂತೇ ಇದೆ, ಪ್ರಿಂಟ್ ಆಗುತ್ತಿಲ್ಲ ಅಂದರೆ ಎರಡನೆಯದು ಮರೆತಿದ್ದೀರಿ.

ಉಳಿದ ಚಿಲ್ಲರೆ

ಸನ್ ಕೀಬೋರ್ಡಿನ ಕನೆಕ್ಟರು ದುಂಡಗಿದೆ, ಪಿಎಸ್/2ನಂತೆಯೇ ಕಾಣುತ್ತದೆ, ಆದರೆ 8 ಪಿನ್ನಿನದು, ಭಾಷೆಯೂ ಬೇರೆ. ಒತ್ತಿ ತುರುಕಬೇಡಿ. ಮಾನಿಟರಿನ 13ಡಬ್ಲ್ಯೂ3 ಕನೆಕ್ಟರಿಗೆ ವಿಜಿಎ ಅಡಾಪ್ಟರು ಸಿಗುತ್ತದೆ. ಆದರೂ ಈ ಮಷೀನುಗಳ 1152x900 ಚಿತ್ರವನ್ನು, ಒಟ್ಟಿಗೆ ಕಳಿಸುವ ಸಿಂಕ್ ಸಿಗ್ನಲ್ಲನ್ನು ಎಷ್ಟೋ ಎಲ್‌ಸಿಡಿಗಳು ಒಪ್ಪುವುದಿಲ್ಲ. ಅದಕ್ಕೇ ಮೊದಲೇ ಸೀರಿಯಲ್ ಕನ್ಸೋಲ್ ಅಂದದ್ದು. ನೆಟ್‌ವರ್ಕಿಗೆ 15 ಪಿನ್ನಿನ ಎಯುಐ ಪೋರ್ಟಿದ್ದರೆ ಒಂದು ಟ್ರಾನ್ಸೀವರ್ (ಅದನ್ನು ಈಗಿನ ನೆಟ್‌ವರ್ಕ್ ಕೇಬಲ್ಲಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಹಾಕಿ. ವೇಗ 10 ಎಂಬಿಪಿಎಸ್, ಹಾಫ್ ಡ್ಯುಪ್ಲೆಕ್ಸ್. ಹೊಸ ಸ್ವಿಚ್ಚುಗಳಲ್ಲಿ ಕೆಲವು 10ಕ್ಕೆ ಇಳಿಯುವುದೇ ಇಲ್ಲ, ನಡುವೆ ಹಳೇ ಸ್ವಿಚ್ಚೊಂದನ್ನು ಕೂರಿಸಿ.

ಎಲ್ಲ ಓಡತೊಡಗಿದ ಮೇಲೆ 'ಓಕೆ' ಪ್ರಾಂಪ್ಟಿನಲ್ಲಿ 'ಪ್ರಿಂಟೆನ್ವ್' ಮತ್ತು 'ಬ್ಯಾನರ್' ಕೊಟ್ಟು, ಬಂದದ್ದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾವ ಡಿಸ್ಕಿಗೆ ಯಾವ ಐಡಿ, ಟರ್ಮಿನೇಟರ್ ಎಲ್ಲಿದೆ, ಈಥರ್ನೆಟ್ ವಿಳಾಸ ಏನು, ಎಲ್ಲವೂ ಅದರಲ್ಲಿರಲಿ. ಆ ಚೀಟಿಯನ್ನು ಮಷೀನಿನ ಮುಚ್ಚಳದ ಒಳಮೈಗೆ ಅಂಟಿಸಿ. ಡ್ರಾಯರಿನಲ್ಲಿ ಬೇಡ.